ಬಿಳಿಗೆರೆ ಟ್ಯೂನ್

ಮೈಕ್‌ಸೆಟ್ ಯಜಮಾನರ ಬಲಗಿವಿಯ ಮೇಲಿನ ನರೆಗೂದಲಲ್ಲಿ ಯಾವಾಗಲೂ ತೆಂಗಿನ ನಾರಿನ ಒಂದೆರಡು ಎಳೆ ಸಿಕ್ಕಿಕೊಂಡಿರುತ್ತಿದ್ದವು. ಅಟ್ಟದ ಮೇಲೆ ಒಣಗಲು ಹಾಕಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳಿ ನೋಡುವುದು ನಮ್ಮ ಕಡೆ ಎಲ್ಲರಿಗೂ ಅಭ್ಯಾಸ. ಇವರು ಮಾತ್ರ ಹೊಸ ಮೊಬೈಲು ಕೊಂಡರೂ ಮೊದಲು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದರು. ಅಂಗಡಿಯವರು ನಕ್ಕರೆ, "ನಗ್ರಪ್ಪ ನಗ್ರಿ. ಒಳ್ಗೆ ಏನೈತೆ ಅಂತ ನೀವು ನೋಡಿದ್ದೀರಾ?" ಎಂದು ಕೇಳುತ್ತಿದ್ದರು.

ಬಿಳಿಗೆರೆಯಲ್ಲಿ ಅವರಿಗೆ ತೋಟವಿತ್ತು, ಜೊತೆಗೆ ಮೈಕ್‌ಸೆಟ್ ಇತ್ತು. ತಿಪಟೂರಿನಲ್ಲಿ ನನ್ನದು ಮದುವೆ ವಿಡಿಯೊ ಮಾಡುವ ಸ್ಟುಡಿಯೊ. ಒಂದೇ ಚಪ್ಪರದ ಕೆಳಗೆ ನಾನು ಕ್ಯಾಮೆರಾ ಹಿಡಿದು, ಅವರು ವಯರು ಎಳೆದು, ಎಷ್ಟೋ ಮದುವೆ ಮುಗಿಸಿದ್ದೇವೆ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಊರವರ ಬಾಯಲ್ಲಿ ಅವರು ಮೈಕ್‌ಸೆಟ್ ಯಜಮಾನರು.

ಅವರ ಹತ್ತಿರ ಒಂದು ಕ್ಯಾಸೆಟ್ ಇತ್ತು. ಬಹಳ ವರ್ಷಗಳ ಹಿಂದೆ ದಿಲ್ಲಿಗೆ ಕೊಬ್ಬರಿ ಇಳಿಸಿ ಬಂದ ಲಾರಿಯ ಡ್ರೈವರ್ ಒಬ್ಬ ಯಾವುದೋ ದೇಶದ ಟ್ರಾನ್ಸ್ ಎಂಬ ಕುಣಿತದ ಸಂಗೀತದ ಕ್ಯಾಸೆಟ್ ತಂದಿದ್ದನಂತೆ. ಅದರಲ್ಲಿ ಮಾತಿಲ್ಲ, ಹಾಡುವವರಿಲ್ಲ. ಒಂದೇ ತಾಳ ಓಡುತ್ತಾ ಓಡುತ್ತಾ, ನಡುವೆ ಎಲ್ಲ ನಿಂತುಹೋಗಿ, ಒಂಟಿ ರಾಗವೊಂದು ನಿಧಾನಕ್ಕೆ ಏರತೊಡಗುತ್ತದೆ. ಕೇಳಿದವರ ಎದೆ ಝಲ್ ಅನ್ನಬೇಕು, ಆಮೇಲೆ ತಾಳ ಮತ್ತೆ ಬಂದು ಬೀಳುತ್ತದೆ. ಇವರು ಅದಕ್ಕೆ ಮರುಳಾದರು. ನಕಲು ಮಾಡಲು ಸರಿಯಾದ ವಯರಿಲ್ಲದೆ, ಪಡಸಾಲೆಯಲ್ಲಿ ಡ್ರೈವರನ ಟೇಪ್‌ರೆಕಾರ್ಡರ್ ಎದುರಿಗೆ ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಂಡರು. ಆಮೇಲೆ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಯಾವುದೆಂದು ಯೋಚಿಸಿ, ಕ್ಯಾಸೆಟ್ಟನ್ನು ಕಾಯಿಗಳ ಜೊತೆ ಅಟ್ಟಕ್ಕೆ ಹಾಕಿದರು! ಕಾಯಿಯನ್ನು ಕೆಡದಂತೆ ಕಾಯುವ ಅಟ್ಟ ಕ್ಯಾಸೆಟ್ಟನ್ನು ಕಾಯದೇ ಇರುತ್ತದೆಯೇ ಎಂಬುದು ಅವರ ಲೆಕ್ಕ. ಹೆಂಚಿನ ಕೆಳಗಿನ ಕಾವಿಗೆ ಒಳಗಿನ ಟೇಪು ಹಿಗ್ಗಿ, ರಾಗ ಅಲ್ಲಲ್ಲಿ ಜೋಲಿ ಹೊಡೆಯತೊಡಗಿತು. ಮೆರವಣಿಗೆಗಳಲ್ಲಿ ನಮ್ಮೂರುಗಳು ಕುಣಿದದ್ದು ಆ ಜೋಲಿಗೇ. ಅದಕ್ಕೆ ಬಿಳಿಗೆರೆ ಟ್ಯೂನ್ ಅಂತ ಹೆಸರಾಯಿತು. ದಬ್ಬೇಘಟ್ಟದ ಮೈಕ್‌ಸೆಟ್‌ನವರೂ ನಕಲು ಮಾಡಿಕೊಂಡು ಹೋದರು. ಮುಂದೊಂದು ದಿನ ಯಾರೋ ಅಸಲಿ ಸಿ.ಡಿ. ತಂದು ಹಾಕಿದರೆ, "ಇದು ಡೂಪ್ಲಿಕೇಟು ಕಣ್ಲಾ, ತೆಗಿ" ಎಂದು ಜನ ಬೈದರಂತೆ.

ಆಮೇಲೆ ಅವರು ಆ ಟ್ಯೂನಿನ ಎಲ್ಲ ಅವತಾರಗಳನ್ನೂ ಹುಡುಕತೊಡಗಿದರು. ಹೆಂಗಸೊಬ್ಬಳು ಹಾಡಿದ್ದು, ಬರೀ ಪಿಯಾನೊದ್ದು, ಕುದುರೆಯ ಹಾಗೆ ಓಡುವಂಥದ್ದು, ಕಾಲು ಗಂಟೆ ಎಳೆಯುವಂಥದ್ದು. ಯಾವ ದೇಶದವನು ರೀಮಿಕ್ಸ್ ಮಾಡಿದರೂ ನಾನು ಡೌನ್‌ಲೋಡ್ ಮಾಡಿಕೊಡಬೇಕು. ಸ್ಟುಡಿಯೊದಲ್ಲಿ ಕೂತು ಕೇಳಿ, "ಇದ್ಕೆ ಉಪ್ಪೇ ಇಲ್ಲ" ಎಂದೋ, "ಇವ್ನು ಒಗ್ರಣೆ ಸೀಸ್ಬುಟ್ಟವ್ನೆ" ಎಂದೋ ತೀರ್ಪು ಕೊಡುತ್ತಿದ್ದರು. ಆದರೆ ತಾಳ ನಿಂತು ಒಂಟಿ ರಾಗ ಏರುವ ಆ ಜಾಗ ಬಂದಾಗ ಮಾತ್ರ ಸುಮ್ಮನಾಗಿ, ತೋರುಬೆರಳು ಎತ್ತಿ ಕಾಯುತ್ತಿದ್ದರು. ತಾಳ ಮತ್ತೆ ಬಿದ್ದ ಮೇಲೆ ಬೆರಳು ಇಳಿಯುತ್ತಿತ್ತು. ಸಂಗೀತದ ಹುಚ್ಚು ಅಂದುಕೊಂಡಿದ್ದೆ.

ಒಂದು ದಿನ ಕ್ಯಾಸೆಟ್ಟನ್ನೇ ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದರು. "ಟೇಪು ಸವ್ದೋಗೈತೆ. ಪೆನ್‌ಡ್ರೈವ್‌ಗೆ ಹಾಕ್ಕೊಡಮ್ಮಾ. ಹೆಂಗೈತೋ ಹಂಗೆ" ಎಂದರು.

ಹೆಂಗೈತೋ ಹಂಗೆ. ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನನ್ನ ಕೈ ಸುಮ್ಮನಿರಬೇಕಲ್ಲ! ಕಂಪ್ಯೂಟರಿಗೆ ಇಳಿಸುವಾಗ ಕೊನೆಯಲ್ಲಿ ಟೇಪು ಸಿಕ್ಕಿಕೊಂಡು ನಾಲ್ಕು ತುಂಡಾಯಿತು. ಧ್ವನಿ ಬಂದಾಗಿದೆಯಲ್ಲ ಎಂದು ತುಂಡುಗಳನ್ನು ಕಸದ ಗಾಡಿಗೆ ಹಾಕಿದೆ. ಆಮೇಲೆ ಕೂತು ಜೋಲಿಯನ್ನೆಲ್ಲ ನೇರ ಮಾಡಿದೆ, ಗೊರಗೊರ ಸದ್ದು ತೆಗೆದೆ. ನಡುವಿನ ಆ ಜಾಗದಲ್ಲಿ ಪಾತ್ರೆಯ ಸಪ್ಪಳ, ಯಾರದೋ ಗೊಣಗು ಸೇರಿಕೊಂಡಿತ್ತು. ಅಷ್ಟನ್ನೂ ಕತ್ತರಿಸಿ ಅಸಲಿ ಟ್ಯೂನಿನ ತುಂಡು ಜೋಡಿಸಿದೆ. ಹಳೆಯ ಫೈಲು ಯಾಕೆ ಎಂದು ಅದನ್ನೂ ಅಳಿಸಿದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಅವರು ಬಂದು ಹೆಡ್‌ಫೋನ್ ಹಾಕಿಕೊಂಡರು. ಆ ಜಾಗ ಬಂತು, ಬೆರಳು ಎದ್ದಿತು. ತಾಳ ಬಿತ್ತು, ಟ್ಯೂನ್ ಮುಗಿಯಿತು. ಬೆರಳು ಇಳಿಯಲಿಲ್ಲ.

"ಎಲ್ಲಮ್ಮಾ ಅವ್ಳು?" ಎಂದರು.

"ಯಾರಣ್ಣಾ?"

ಆಗ ಹೇಳಿದರು. ಅಂದು ಪಡಸಾಲೆಯಲ್ಲಿ ರೆಕಾರ್ಡ್ ಮಾಡುವಾಗ ಹೆಂಡತಿ ಅಡಿಗೆಮನೆಯಿಂದ, "ಸಾಕು ಬುಡಿ, ಮುದ್ದೆ ಆರೋಗ್ತದೆ" ಎಂದು ಕರೆದಿದ್ದರು. ಇವರು, "ಒಂದ್ ನಿಮ್ಷ ಇರು" ಎಂದಿದ್ದರು. ಎರಡೂ ಕ್ಯಾಸೆಟ್ಟಿನಲ್ಲಿ ಉಳಿದಿದ್ದವು. ಆಕೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಿತ್ತು. ಆದರೂ ಗಂಡ ಬರುವ ತನಕ ತಾನು ಉಣ್ಣುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮಧ್ಯಾಹ್ನ ಹೀಗೇ ಕರೆದರು. ಇವರು ಹೊಸ ರೀಮಿಕ್ಸ್ ಒಂದನ್ನು ಕೇಳುತ್ತಾ, ಒಂದ್ ನಿಮ್ಷ ಎಂದರು. ಎದ್ದು ಹೋಗುವಷ್ಟರಲ್ಲಿ ಆಕೆ ಮುಚ್ಚಿಟ್ಟ ಮುದ್ದೆಯ ಪಕ್ಕ ಗೋಡೆಗೊರಗಿ ಕೂತಿದ್ದರು, ಮತ್ತೆ ಏಳಲಿಲ್ಲ.

"ಫೋಟೊ ಐತೆ, ಸೀರೆ ಐತೆ. ದನಿ ಇದ್ದಿದ್ದು ಅದೊಂದ್ರಲ್ಲೇ" ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳುತ್ತಾ ನಿಜ ಹೇಳಿದೆ. ಅವರು ಬಯ್ಯಲಿಲ್ಲ. ಹೆಡ್‌ಫೋನನ್ನು ಮಡಿಸಿಟ್ಟು, "ಚೆನ್ನಾಗ್ ತೊಳ್ದಿದ್ದೀಯ ಕಣಮ್ಮಾ" ಎಂದರು. ಅದಕ್ಕಿಂತ ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

ಟ್ಯೂನ್ ನಕಲು ಮಾಡಿಕೊಂಡವರ ಮನೆಗಳನ್ನೆಲ್ಲ ಅಲೆದೆ. ಒಬ್ಬರು ಅದರ ಮೇಲೆ ಭಜನೆ ತುಂಬಿದ್ದರು, ಇನ್ನೊಬ್ಬರು ಗುಜರಿಗೆ ಹಾಕಿದ್ದರು. ದಬ್ಬೇಘಟ್ಟದಲ್ಲಿ ಕೇಳಿದರೆ, ಕ್ಯಾಸೆಟ್ಟುಗಳನ್ನೆಲ್ಲ ಡಿ.ಜೆ. ಮಾಡುವ ಯಾರಿಗೋ ಕೊಟ್ಟೆವು ಎಂದರು. ಅವನು ಯಾರೆಂದು ತಿಳಿಯಲಿಲ್ಲ. ಅಣ್ಣ ಮಾತ್ರ ಸ್ಟುಡಿಯೊಗೆ ಬರುವುದು ಬಿಡಲಿಲ್ಲ. ಅದೇ ರೀಮಿಕ್ಸ್‌ಗಳನ್ನು ಮೊದಲಿಂದ ಹಾಕಿಸಿ, ಬೆರಳೆತ್ತಿ ಕೂರುತ್ತಿದ್ದರು. "ಯಾವ್ದಾದ್ರೂ ಒಂದ್ರಲ್ಲಿ ಸಿಕ್ತಾಳೆ ಬುಡು" ಎನ್ನುತ್ತಿದ್ದರು.

ಆ ವರ್ಷ ಕಿಬ್ಬನಹಳ್ಳಿಯಲ್ಲಿ ಗಣಪತಿ ಬಿಡುವ ಮಧ್ಯಾಹ್ನ ನಾನು ವಿಡಿಯೊ ಮಾಡುತ್ತಿದ್ದೆ. ಅಣ್ಣ ಸುಮ್ಮನೆ ಜೊತೆಗೆ ಬಂದಿದ್ದರು. ಟ್ರ್ಯಾಕ್ಟರ್ ಮೇಲೆ ಆಳೆತ್ತರದ ಸ್ಪೀಕರುಗಳು. ಬಿಳಿಗೆರೆ ಟ್ಯೂನ್ ಶುರುವಾಯಿತು, ಹೊಸ ರೀಮಿಕ್ಸ್. ತಾಳ ನಿಂತಿತು. ಒಂಟಿ ರಾಗ ಏರುತ್ತಾ ಏರುತ್ತಾ, ಹೆಂಗಸಿನ ದನಿಯೊಂದು ಬೀದಿಯ ಉದ್ದಕ್ಕೂ ಕೂಗಿತು: "ಸಾಕು ಬುಡಿ. ಸಾಕು ಬುಡಿ. ಸಾಕು ಸಾಕು ಸಾಕು ಬುಡಿ, ಮುದ್ದೆ ಆರೋಗ್ತದೆ."

ಜನ ಹೋ ಎಂದು ಕುಣಿದರು. ದನಿ ಮತ್ತೆ ಕರೆಯಿತು, ಮತ್ತೆ, ಮತ್ತೆ. ಅಂಗಡಿಗಳ ಬಾಗಿಲು ನಡುಗುತ್ತಿದ್ದವು. ನಿಲ್ಲಿಸಿ ಎಂದು ಕೂಗಲು ನಾನು ಮುಂದೆ ನುಗ್ಗಿದೆ. ಅಣ್ಣ ನನ್ನ ಕೈ ಹಿಡಿದರು. ಅವರ ಬೆರಳು ತಣ್ಣಗಿದ್ದವು.

"ಒಂದೇ ಸಲ ಕರೀತಿದ್ಲು ಕಣಮ್ಮಾ ಅವ್ಳು" ಎಂದರು. "ನೋಡು, ಎಷ್ಟು ಸಲ ಕರೆಸ್ಕೊಂಡ್ಬುಟ್ಟೆ."

ಅವರು ಸ್ಪೀಕರಿನ ಕಡೆ ಮುಖ ಮಾಡಿ, "ಬಂದೆ, ಬಂದೆ" ಎಂದರು. ಟ್ಯೂನ್ ಮುಗಿಯುವ ತನಕವೂ ಕಾಯಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಮನೆ ದಾರಿಯ ತಿಪಟೂರಿನ ಬಸ್ಸು ಹತ್ತಿಬಿಟ್ಟರು.

ದಬ್ಬೇಘಟ್ಟದ ಕ್ಯಾಸೆಟ್ಟುಗಳು ಸೇರಿದ್ದು ಈ ಡಿ.ಜೆ.ಯವನ ಕೈಗೇ. ಒಳ್ಳೆಯವನು. ಕೇಳಿದ ತಕ್ಷಣ ತನ್ನ ಹತ್ತಿರ ಉಳಿದಿದ್ದ ಧ್ವನಿಯ ತುಂಡನ್ನು ಕೊಟ್ಟ. ಆಕೆಯ ಮಾತಷ್ಟೇ ಇತ್ತು, ಇವರ ಉತ್ತರವನ್ನು ಕತ್ತರಿಸಿದ್ದ. ಮೂರನೇ ದಿನ ಬಿಳಿಗೆರೆಗೆ ಒಯ್ದೆ. ಅಣ್ಣ ಅಡಿಗೆಮನೆಯಲ್ಲಿ ತಾವೇ ಮುದ್ದೆ ಕಟ್ಟಿ ಎರಡು ತಟ್ಟೆಗೆ ಬಡಿಸುತ್ತಿದ್ದರು. ಪೆನ್‌ಡ್ರೈವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ನಕ್ಕು, ನನಗೇ ವಾಪಸು ಕೊಟ್ಟರು.

"ಕೇಳಾಯ್ತಲ್ಲಮ್ಮಾ. ಕೂತ್ಕೊ, ಬಿಸಿ ಐತೆ, ಉಣ್ಣು" ಎಂದರು. ಎರಡನೇ ತಟ್ಟೆ ನನಗೆ ಬಡಿಸಿದ್ದೋ ಆಕೆಗೋ ಎಂದು ಕೇಳಲು ಧೈರ್ಯವಾಗಲಿಲ್ಲ. ಉಂಡೆ.

ದೀಪಾವಳಿಗೆ ಮುಂಚೆ ಅವರು ಹೋದರು. ಮಧ್ಯಾಹ್ನ ಉಂಡು, ಕೈ ತೊಳೆದು, ಒರಗಿದವರು ಏಳಲಿಲ್ಲವಂತೆ. ರೀಮಿಕ್ಸ್‌ಗಳ ಡಬ್ಬ ನನ್ನ ಸ್ಟುಡಿಯೊದಲ್ಲೇ ಉಳಿದಿದೆ.

ಈಗ ಯಾರು ಹಳೆಯ ಕ್ಯಾಸೆಟ್ ತಂದರೂ ಮೊದಲು ಇದ್ದದ್ದು ಇದ್ದ ಹಾಗೆ ಒಂದು ಪ್ರತಿ ತೆಗೆದಿಡುತ್ತೇನೆ. ಪಾತ್ರೆ ಬೀಳಲಿ, ಯಾರಾದರೂ ಕೆಮ್ಮಲಿ, ಮುಟ್ಟುವುದಿಲ್ಲ. ಕೆಲಸ ಮಾಡುವಾಗ ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕುತ್ತೇನೆ. ಸ್ಟುಡಿಯೊ ಹಿಂದಿನ ನಮ್ಮ ಮನೆಯಿಂದ ಅಮ್ಮ ಊಟಕ್ಕೆ ಕರೆದರೆ, ಅರ್ಧ ಕತ್ತರಿಸಿದ ದೃಶ್ಯವನ್ನು ಹಾಗೇ ಬಿಟ್ಟು ಏಳುತ್ತೇನೆ. ಒಮ್ಮೊಮ್ಮೆ ಎದ್ದು ಹೋದರೆ ಅಮ್ಮ, "ನಾನೆಲ್ಲಿ ಕರ್ದೆ? ಇನ್ನೂ ಅನ್ನ ಆಗಿಲ್ಲ" ಅನ್ನುತ್ತಾರೆ. ಪರವಾಗಿಲ್ಲ ಎಂದು ಅಲ್ಲೇ ಕೂತು ಕಾಯುತ್ತೇನೆ.