ಗೌನಿನ ಇನ್ನೊಂದು ತುದಿ

ರೊಸಾನಾ ಪೆರ್ದೋಮೊ ಇಪ್ಪತ್ತು ವರ್ಷಗಳಿಂದ ಬೇರೆ ಹೆಂಗಸರ ಬಟ್ಟೆಗಳನ್ನೇ ಉಡುತ್ತ ಬಂದಿದ್ದಳು. ಮೊಂತೆವಿದೇಯೋ ನಗರದ ರೆದೂಕ್ತೊ ಬಡಾವಣೆಯ ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ತೊಟ್ಟು ನಿಂತಾಗ ಅವಳೂ ಎಲ್ಲರಂತೆಯೇ. ಸಂಜೆ ಆ ಕೋಟು ಕಳಚಿದಳೆಂದರೆ ಒಳಗಿಂದ ಬೇರೊಂದು ಕಾಲ ಹೊರಬರುತ್ತಿತ್ತು. ಸೊಂಟಕ್ಕೆ ಬಿಗಿದು ಮೊಣಕಾಲ ಕೆಳಗೆ ಗಂಟೆಯ ಹಾಗೆ ಅರಳುವ ಲಂಗ, ಬಟ್ಟೆ ಸುತ್ತಿದ ಪುಟ್ಟ ಗುಂಡಿಗಳ ರವಿಕೆ, ಕೆಲವು ದಿನ ಮಣಿಕಟ್ಟಿನವರೆಗೆ ಬರುವ ಬಿಳಿ ಕೈಗವಸು. ಯಾವುದೂ ಅವಳು ಹುಟ್ಟಿದ ಮೇಲೆ ಹೊಲಿದದ್ದಲ್ಲ.

ಅವಳ ಮನೆಯ ಕೆಳಗಿನ ಹಣ್ಣಿನಂಗಡಿಯ ಮಿಲ್ಟನ್ ದಿನಾ ಅವಳನ್ನು ಕಂಡೊಡನೆ ಕೇಳುತ್ತಿದ್ದ: "ಇವತ್ತು ಯಾವ ಇಸವಿ, ರಾಣಿಯಮ್ಮ?"

"ಐವತ್ತಮೂರು, ಮಿಲ್ಟನ್."

"ಹಾಗಿದ್ರೆ ನಾನಿನ್ನೂ ಹುಟ್ಟೇ ಇಲ್ಲ. ಸಾಲ ಕೇಳೋರು ಬಂದ್ರೆ ಹೇಳ್ಬಿಡಿ."

ಇದು ಶುರುವಾದದ್ದು ಒಂದು ಕೋಟಿನಿಂದ. ರೊಸಾನಾ ಉದ್ದನೆಯ ಹುಡುಗಿ. ಶಾಲೆಯಲ್ಲಿ ಎಲ್ಲರಿಗಿಂತ ತಲೆ ಮೇಲೆ ಕಾಣುತ್ತದೆಂದು ಬೆನ್ನು ಬಾಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ಭಾನುವಾರ ತ್ರಿಸ್ತಾನ್ ನರ್ವಾಹಾ ಬೀದಿಯ ಸಂತೆಯಲ್ಲಿ ಚಳಿ ತಾಳಲಾರದೆ ಬೂದು ಉಣ್ಣೆಯ ಹಳೇ ಕೋಟೊಂದನ್ನು ಹಾಕಿ ನೋಡಿದಳು. ಅದರ ಭುಜ, ಅದರ ಕಂಠಪಟ್ಟಿ ಬಾಗಿದ ಬೆನ್ನಿಗೆ ಒಪ್ಪಲೇ ಇಲ್ಲ. ಕನ್ನಡಿಯಲ್ಲಿ ಕಂಡವಳು ನೆಟ್ಟಗೆ ನಿಂತಿದ್ದಳು. ಅಂದಿನಿಂದ ಕೂಡಿಸಿದ ಎಪ್ಪತ್ತೊಂದು ಉಡುಪುಗಳು ಅವಳ ಎರಡು ಬೀರುಗಳಲ್ಲಿವೆ. ಪ್ರತಿಯೊಂದರ ಕತ್ತಿನ ಬಳಿ ದಾರದಲ್ಲಿ ಕಟ್ಟಿದ ಚೀಟಿ: ಎಲ್ಲಿ ಸಿಕ್ಕಿತು, ಯಾರು ಉಟ್ಟಿದ್ದರು, ಗೊತ್ತಿದ್ದರೆ ಅವರು ಎಲ್ಲಿಗೆ ಹೋಗಲು ಉಟ್ಟಿದ್ದರು.

ಎಪ್ಪತ್ತೊಂದರಲ್ಲಿ ಸಣ್ಣ ಸುಕ್ಕಿನ ನೇಯ್ಗೆಯ ಕ್ರೇಪ್ ಬಟ್ಟೆಯದು ಒಂದೂ ಇರಲಿಲ್ಲ. ಹಿಂದೆ ಒಂದು ಇತ್ತು, ನೀಲಿಯದು. ತಿಳಿಯದೆ ಅದನ್ನು ನೀರಿಗೆ ಹಾಕಿದ್ದಳು. ನೀರು ಸೋಕಿದ್ದೇ ತಡ, ಅದು ಬಸವನಹುಳುವಿನ ಹಾಗೆ ಒಳಕ್ಕೆ ಸೇದಿಕೊಂಡು ಮಗುವಿನ ಅಂಗಿಯಷ್ಟಾಯಿತು. ಒಣಗಿದ ಮೇಲೆ ಅತ್ತು, ಕತ್ತರಿಸಿ ದಿಂಬಿಗೆ ಚೀಲ ಮಾಡಿದಳು.

ಹೀಗಾಗಿ ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಮುದುಕಿ ಸುಲ್ಮಾಳ ಮನೆಯಲ್ಲಿ ಆ ವೈನ್ ಬಣ್ಣದ ಕ್ರೇಪ್ ಗೌನು ಕಂಡಾಗ ರೊಸಾನಾಳಿಗೆ ಕೈ ಮುಂದೆ ಮಾಡಲೂ ಭಯ. ಎಂಬತ್ತೆಂಟರ ಸುಲ್ಮಾಳಿಗೆ ರಕ್ತದೊತ್ತಡದ ಮಾತ್ರೆ ಕೊಡಲು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಅದು ನೇತಾಡುತ್ತಿತ್ತು. ಸುಲ್ಮಾಳಿಗೆ ಹತ್ತೊಂಬತ್ತಾದಾಗ ಅಕ್ಕ ಒಫೇಲಿಯಾ ಹೊಲಿದದ್ದು. ಇಬ್ಬರಿಗೂ ಸೇರಿ ಅದೊಂದೇ ಒಳ್ಳೆಯ ಗೌನು. ಒಂದು ಶನಿವಾರ ಒಬ್ಬಳು ಕುಣಿಯಲು ಹೋದರೆ ಮುಂದಿನ ಶನಿವಾರ ಇನ್ನೊಬ್ಬಳು. ಒಫೇಲಿಯಾ ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ನಾಲ್ಕು ವರ್ಷ ರೊಸಾನಾ ಅದನ್ನು ನೋಡಿದಳೇ ಹೊರತು ಕೇಳಲಿಲ್ಲ.

ಕೇಳಿದ್ದು ಈ ಅಕ್ಟೋಬರಿನಲ್ಲಿ. ಪ್ರಾದೋ ಉದ್ಯಾನದಲ್ಲಿ ಗುಲಾಬಿ ಬಿಟ್ಟಾಗ ಹಳೆಯ ಉಡುಪಿನ ಹುಚ್ಚಿನವರೆಲ್ಲ ಒಂದು ಭಾನುವಾರ ಸೇರುತ್ತಾರೆ. "ಒಂದೇ ಒಂದು ಮಧ್ಯಾಹ್ನ, ದೋನ್ಯಾ ಸುಲ್ಮಾ," ಅಂದಳು.

ಸುಲ್ಮಾ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಒಫೇಲಿಯಾನೂ ನಿನ್ ಹಾಗೇ ತೆಂಗಿನಮರ. ತಗೊಂಡ್ ಹೋಗು. ಆದ್ರೆ ಕೇಳು, ನನ್ನ ಹತ್ರ ಅವಳದ್ದು ಅಂತ ಉಳಿದಿರೋದು ಇದೊಂದೇ. ಸಂಜೆ ಆರಕ್ಕೆ ಈ ಮೊಳೆ ಮೇಲೆ ಇರಬೇಕು. ಹೋದ ಹಾಗೇ ಬರಬೇಕು."

"ಮಳೆ ಬಂದ್ರೆ?"

"ನನ್ನ ಮೊಣಕಾಲು ನೋಯ್ತಿಲ್ಲ. ಮಳೆ ಬರಲ್ಲ."

ಆದರೂ ಭಾನುವಾರ ಬೆಳಿಗ್ಗೆ ಮಿಲ್ಟನ್ ಆಕಾಶ ನೋಡಿ ತನ್ನ ಕಪ್ಪು ಮಡಚು ಕೊಡೆಯನ್ನು ಮುಂದೆ ಹಿಡಿದ. ರೊಸಾನಾ ಮೂಗು ಮುರಿದಳು.

"ಈ ಗೌನಿಗೆ ಆ ಪ್ಲಾಸ್ಟಿಕ್ ಹಿಡಿಯ ಕೊಡೆನಾ? ನನ್ನ ಹತ್ರ ಐವತ್ತರ ಕಾಲದ್ದೇ ಕೊಡೆ ಇದೆ." ಬಿದಿರಿನ ಹಿಡಿ, ಕಂದು ರೇಷ್ಮೆ. ಸಂತೆಯಲ್ಲಿ ಕೊಂಡ ಮೇಲೆ ಅದನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

"ನೆನೆದ ಮೇಲೆ ಇಸವಿ ಯಾವ್ದಾದ್ರೇನು ರಾಣಿಯಮ್ಮ," ಅಂದ ಮಿಲ್ಟನ್.

ಗುಲಾಬಿ ತೋಟದಲ್ಲಿ ಅವತ್ತು ಅವಳಷ್ಟು ನೆಟ್ಟಗೆ ನಡೆದವರಿಲ್ಲ. ಹೆಜ್ಜೆ ಇಟ್ಟಾಗ ಗೌನು ಒಂದು ಕ್ಷಣ ತಡೆದು ಹಿಂದೆ ಬರುತ್ತಿತ್ತು, ಮಾತು ಮುಗಿಯಲೆಂದು ಕಾಯುವವರ ಹಾಗೆ. ಎಲ್ಲರೂ ಕೇಳಿದರು, ಎಲ್ಲಿ ಸಿಕ್ಕಿತು? "ಸಿಕ್ಕಿದ್ದಲ್ಲ, ಕೊಟ್ಟಿದ್ದು," ಅನ್ನುವಾಗ ಅವಳಿಗೆ ಹೆಮ್ಮೆ.

ನಾಲ್ಕೂವರೆಗೆ ನದಿಯ ಕಡೆಯಿಂದ ಗಾಳಿ ಎದ್ದಿತು. ಮೊದಲ ಹನಿಗಳು ಜಲ್ಲಿಯ ದಾರಿಯ ಮೇಲೆ ಬೀಳುವಷ್ಟರಲ್ಲಿ ಅವಳು ಬಸ್ಸಿನ ತಂಗುದಾಣದತ್ತ ಓಡುತ್ತ ಕೊಡೆ ಬಿಚ್ಚಿದಳು. ಟರ್ ಎಂದು ಒಂದು ಸದ್ದು. ಎಪ್ಪತ್ತು ವರ್ಷದ ರೇಷ್ಮೆ ಎಂಟು ಕಡ್ಡಿಗಳನ್ನೂ ಬಿಟ್ಟು ಒಣ ಎಲೆಯ ಹಾಗೆ ಹಾರಿಹೋಯಿತು. ಕೈಯಲ್ಲಿ ಉಳಿದದ್ದು ಬಿದಿರಿನ ಹಿಡಿ ಮತ್ತು ಒಂದು ಕಬ್ಬಿಣದ ಜೇಡ.

ಮಳೆ ಸುರಿಯಿತು. ಗೌನು ತನ್ನ ಕೆಲಸ ಶುರುಮಾಡಿತು. ತೋಳು ಮಣಿಕಟ್ಟಿನಿಂದ ಮೊಣಕೈಗೆ ಸರಿದದ್ದು ಅವಳಿಗೆ ತಿಳಿಯಿತು. ಮೀನಖಂಡದಲ್ಲಿದ್ದ ಅಂಚು ಮೊಣಕಾಲು ದಾಟಿತು, ಇನ್ನೂ ಮೇಲೆ ಏರಿತು. ಬಸ್ಸು ಹತ್ತುವಾಗ ಎರಡೂ ಕೈಯಲ್ಲಿ ಅಂಚನ್ನು ಕೆಳಕ್ಕೆ ಹಿಡಿದು ಹತ್ತಿದಳು.

ಕಿಟಕಿಯ ಪಕ್ಕ ಕೂತಿದ್ದ ಮುದುಕನೊಬ್ಬ ಮೇಲಿಂದ ಕೆಳಗೆ ನೋಡಿದ. "ನಮ್ಮ ಕಾಲದಲ್ಲಿ ಈ ನಮೂನೆ ಗೌನು ಸ್ವಲ್ಪ ಉದ್ದ ಇರ್ತಿತ್ತು ಕಣಮ್ಮ."

"ಬೆಳಿಗ್ಗೆ ಇದೂ ಉದ್ದವೇ ಇತ್ತು, ಯಜಮಾನ್ರೇ," ಅಂದು ಅವಳು ಹಿಂದಿನ ಸೀಟಿಗೆ ಸರಿದಳು.

ಮನೆಗೇ ಹೋಗಿಬಿಡಲೇ? ಜ್ವರವೆಂದು ಹೇಳಿ ಕಳಿಸಲೇ? ಅದೇ ಬಣ್ಣದ ಬಟ್ಟೆ ಹುಡುಕಿ ಹೊಲಿಸಲೇ? ಸುಲ್ಮಾಳ ಕಣ್ಣು ಮಂಜು. ಆದರೆ ಬೆರಳುಗಳು ಮಂಜಲ್ಲ. ಅಕ್ಕನ ಒಂದೊಂದು ಹೊಲಿಗೆಯೂ ಅವಕ್ಕೆ ಗೊತ್ತು. ರೊಸಾನಾಳ ಕಣ್ಣೆದುರು ನೀಲಿ ದಿಂಬು ಬಂದು ನಿಂತಿತು. ತನ್ನದನ್ನು ದಿಂಬು ಮಾಡಬಹುದು. ಇನ್ನೊಬ್ಬರ ಅಕ್ಕನನ್ನು?

ಬಸ್ಸಿಳಿದಾಗ ಬೀದಿಯ ತುಂಬ ಹಿಟ್ಟು ಕರಿಯುವ ವಾಸನೆ. ಮಳೆ ಬಂತೆಂದರೆ ಆ ಊರಿನಲ್ಲಿ ಪ್ರತಿ ಮನೆಯೂ ಬಾಣಲೆ ಇಡುತ್ತದೆ, ನಡುವೆ ತೂತಿನ ಕರಿದ ರೊಟ್ಟಿಗೆ. ಆ ವಾಸನೆಯಲ್ಲಿ ಅವಳಿಗೆ ಅವತ್ತು ಹಸಿವಾಗಲಿಲ್ಲ. ಸುಲ್ಮಾಳ ಬಾಗಿಲು ತಟ್ಟಿದಳು.

ಕೈಗೆ ಹಿಟ್ಟು ಮೆತ್ತಿಕೊಂಡೇ ಸುಲ್ಮಾ ಬಾಗಿಲು ತೆರೆದಳು. ಎದುರಿಗೆ ತೊಡೆಯವರೆಗೆ ಮುದುಡಿದ ಗೌನು, ನೀರಿಳಿಯುವ ಕೂದಲು, ಕೈಯಲ್ಲಿ ಬೋಳು ಕೊಡೆ.

"ದೋನ್ಯಾ ಸುಲ್ಮಾ, ನಾನು..."

ಸುಲ್ಮಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಭುಜ ಅಲುಗತೊಡಗಿತು. ರೊಸಾನಾ ಮುಂದೆ ನುಗ್ಗಿ ಹಿಡಿದುಕೊಂಡಾಗ ಗೊತ್ತಾಯಿತು, ಮುದುಕಿ ಅಳುತ್ತಿಲ್ಲ. ಕೆಮ್ಮು ಬರುವಷ್ಟು ನಗುತ್ತಿದ್ದಾಳೆ.

"ಅಯ್ಯೋ ದೇವ್ರೇ! ಥೇಟ್ ಒಫೇಲಿಯಾ! ಕುಣಿತದಿಂದ ಹೀಗೇ ಬಂದಿದ್ಲು ಕಣೇ, ಒಂದಲ್ಲ, ಹತ್ತು ಸಲ. ನಮ್ಮಪ್ಪ ಬಾಗಿಲಲ್ಲೇ ಟವೆಲ್ ಹಿಡ್ಕೊಂಡು ನಿಂತಿರ್ತಿದ್ದ. ಈ ಹಾಳು ಮೊಣಕಾಲೂ ಸುಳ್ಳು ಹೇಳೋಕೆ ಕಲೀತಾ?"

"ಹಾಳಾಗಿಲ್ವಾ ಇದು?"

"ಒದ್ದೆ ಇದೆ ತಾನೇ? ಒದ್ದೆ ಇರೋವರೆಗೆ ನಮ್ಮ ಮಾತು ಕೇಳುತ್ತೆ. ಬಿಚ್ಚು, ಬೇಗ. ಆ ನೈಟಿ ಹಾಕ್ಕೋ. ಇಸ್ತ್ರಿ ಪೆಟ್ಟಿಗೆ ಕಾಯೋಕೆ ಇಡು."

ಅಡುಗೆಮನೆಯ ಮೇಜಿನ ಮೇಲೆ ಕಂಬಳಿ, ಅದರ ಮೇಲೆ ಬಿಳಿ ದುಪ್ಪಟಿ ಹಾಸಿದರು. ಸುಲ್ಮಾ ಭುಜದ ಕಡೆ, ರೊಸಾನಾ ಅಂಚಿನ ಕಡೆ. ಗೌನಿನ ಮೇಲೆ ತೆಳು ಬಟ್ಟೆ, ಬಟ್ಟೆಯ ಮೇಲೆ ಸುಲ್ಮಾಳ ಇಸ್ತ್ರಿ.

"ಹಗ್ಗ ಜಗ್ಗಿದ ಹಾಗೆ ಎಳೀಬೇಡ್ವೇ! ಒದ್ದೆ ಇದ್ದಾಗ ಇದಕ್ಕೆ ಜೀವ ಕಡಿಮೆ. ಹಿಟ್ಟು ಲಟ್ಟಿಸ್ತೀಯಲ್ಲ, ಹಾಗೆ. ಹಾಂ... ನಾನು ಇಸ್ತ್ರಿ ಇಟ್ಟಾಗ ನೀನು ಎಳಿ. ಎತ್ತಿದಾಗ ಬಿಡು."

ಬಿಸಿ ಆವಿ ಎದ್ದಿತು. ರೊಸಾನಾ ಉಸಿರು ಹಿಡಿದು ಎಳೆದಳು, ಬಿಟ್ಟಳು. ಬಟ್ಟೆ ಬೆರಳಿನಡಿ ಸಣ್ಣಗೆ ಸಡಿಲವಾಯಿತು, ನಿದ್ದೆ ಹತ್ತುವ ಮಗುವಿನ ಮುಷ್ಟಿಯ ಹಾಗೆ. ಒಂದು ಗೇಣು ಬಂತು. ಪಕ್ಕದ ಮಡಿಕೆ, ಇನ್ನೊಂದು ಗೇಣು. ತೋಳು ಕೊನೆಗೆ.

ಸುಲ್ಮಾ ಇಸ್ತ್ರಿಯನ್ನು ತೋಳಿನ ಮೇಲೆ ಇಟ್ಟಳು. ಆಮೇಲೆ ಅಂದಳು: "ಹತ್ತೊಂಬತ್ತು ವರ್ಷದಿಂದ ಇದನ್ನ ಒಗೆದಿಲ್ಲ ಗೊತ್ತಾ? ನುಸಿಗುಳಿಗೆ ವಾಸನೆ ಅಡರಿತ್ತು. ಒಗೆಯೋಕೆ ಇಬ್ಬರು ಬೇಕು. ಆ ತುದಿ ಹಿಡಿಯೋರು ಇರಲಿಲ್ಲ. ಒಬ್ಬಳೇ ನೀರಿಗೆ ಹಾಕಿದ್ರೆ ಒಫೇಲಿಯಾನೂ ಹೋದ ಹಾಗೇ ಅಂತ ಹೆದರಿ ಮುಟ್ಲೇ ಇಲ್ಲ."

"ನನ್ನನ್ನ ಕೇಳಬಹುದಿತ್ತಲ್ಲ?"

"ಮಾತ್ರೆ ಕೊಡೋಕೆ ಬಂದವಳನ್ನ ಗೌನು ಎಳಿ ಅಂತ ಹೇಗೆ ಕೇಳಲಿ? ನೀನು ಯಾಕೆ ನಾಲ್ಕು ವರ್ಷ ಕೇಳಲಿಲ್ಲ?"

ರೊಸಾನಾಳಿಗೆ ಈಗ ಅಳು ಬಂತು. ಬಂದರೂ ತುದಿ ಬಿಡಲಿಲ್ಲ.

ಮೊಳೆಗೆ ನೇತುಹಾಕಿದಾಗ ಸುಲ್ಮಾ ಬಾಗಿಲ ಚೌಕಟ್ಟಿನ ಮೇಲೆ ತಡಕಿ ಒಂದು ಪೆನ್ಸಿಲ್ ಗೆರೆ ತೋರಿಸಿದಳು. ಒಫೇಲಿಯಾ ಎಳೆದದ್ದು. ಗೌನು ಎಲ್ಲಿಯವರೆಗೆ ಬರಬೇಕು ಎಂಬುದರ ಗುರುತು. ಬಣ್ಣ ಬಳಿಯುವವರು ಬಂದಾಗಲೆಲ್ಲ ಆ ಜಾಗವೊಂದಕ್ಕೆ ಬಣ್ಣ ಬೀಳದಂತೆ ಸುಲ್ಮಾ ನೋಡಿಕೊಂಡಿದ್ದಳು.

ರೊಸಾನಾ ಮಂಡಿಯೂರಿ ನೋಡಿದಳು. "ಒಂದು ಬೆರಳು ಕಡಿಮೆ."

"ಬೆಳಿಗ್ಗೆಯೊಳಗೆ ಅದರ ಭಾರಕ್ಕೆ ಅದೇ ಇಳಿಯುತ್ತೆ. ಯಾವಾಗ್ಲೂ ಹಾಗೇ." ಸುಲ್ಮಾ ಗೌನಿಗೆ ಮುಖವಿಟ್ಟು ಉಸಿರೆಳೆದಳು. "ಮಳೆ ವಾಸನೆ," ಅಂದಳು. ಆಮೇಲೆ, "ಬಾ, ಹಿಟ್ಟು ಹುಳಿಯಾಗುತ್ತೆ. ಮುಂದಿನ ಸಲ ಉಟ್ಟಾಗ ಛತ್ರಿ ನಾನು ಕೊಡ್ತೀನಿ."

ಮುಂದಿನ ಸಲ. ರೊಸಾನಾ ಬಿಸಿ ರೊಟ್ಟಿಗಳನ್ನು ಒಂದರ ಮೇಲೊಂದು ಐದು ತಿಂದಳು. ಮಾತೆ ಎನ್ನುವ ಕಹಿ ಎಲೆಯ ಪಾನೀಯದ ಬಟ್ಟಲು ಇಬ್ಬರ ಕೈಯಲ್ಲೂ ಸುತ್ತಿತು.

ಏಳಕ್ಕೆ ಮಿಲ್ಟನ್ ಅಂಗಡಿಯ ಬಾಗಿಲೆಳೆಯುತ್ತಿದ್ದ. ಸುಲ್ಮಾಳ ಹೂವಿನ ನೈಟಿ ರೊಸಾನಾಳಿಗೆ ಮೊಣಕಾಲಿಗೇ ನಿಂತಿತ್ತು. ಕಾಲಲ್ಲಿ ಒದ್ದೆ ಬೂಟು, ಬೆನ್ನು ಮಾತ್ರ ನೆಟ್ಟಗೆ. ಅವನು ಬಾಯಿಗೆ ಕೈ ಅಡ್ಡ ಇಟ್ಟ.

"ಇವತ್ತು ಯಾವ ಇಸವಿ, ರಾಣಿಯಮ್ಮ?"

"ಇದೇ ಇಸವಿ ಕಣೋ," ಅಂದಳು ರೊಸಾನಾ ನಗುತ್ತ. "ಆ ಕಪ್ಪು ಕೊಡೆ ಇನ್ನೂ ಇದ್ಯಾ? ಕೊಡು ಇಲ್ಲಿ."