ಎರಡನೆಯ ಸಲ ದಾಟಿದ ಗೆರೆ

ಬೇಸ್‌ಬಾಲ್ ಅಂಗಳದ ಸುಣ್ಣದ ಗೆರೆಯನ್ನು ನಿಜಗುಣ ಎಂದೂ ತುಳಿದವನಲ್ಲ. ತುಳಿದರೆ ಕೇಡು ಎಂಬ ನಂಬಿಕೆ ಅನೇಕ ಆಟಗಾರರಲ್ಲಿದೆ. ಅವನಿಗೆ ಮಾತ್ರ ಅದು ಮನೆಯಿಂದ ಬಂದ ಪಾಠ. ಧಾರವಾಡದ ಮನೆಯ ಹೊಸ್ತಿಲಿಗಿದ್ದ ಮರ್ಯಾದೆಯನ್ನೇ ತಾಯಿ ಸುಶೀಲವ್ವ ಟೊರಾಂಟೊ ಬಳಿಯ ಮಿಸಿಸಾಗದ ಬಾಡಿಗೆ ಅಪಾರ್ಟ್‌ಮೆಂಟಿನ ಬಾಗಿಲಿಗೂ ಕೊಡಿಸಿದ್ದಳು. ದಾಟಬೇಕು, ತುಳಿಯಬಾರದು.

ಅವನು ಪಿಚರ್. ದಿಬ್ಬದ ಮೇಲೆ ನಿಂತು ಎದುರಾಳಿಗೆ ಚೆಂಡೆಸೆಯುವುದೇ ಅವನ ಕಸುಬು. ಮೊದಲ ತಂಡ ಕರೆದಾಗ ಸುಶೀಲವ್ವ, "ಬರೇ ಚೆಂಡು ಒಗಿಯೂದಕ್ಕ ಪಗಾರ ಕೊಡ್ತಾರಂತ!" ಎಂದು ನೆರೆಯವರ ಮುಂದೆ ಬೆರಗಾಗಿದ್ದಳು. ಪಗಾರ ಕೊಟ್ಟವರಾರೂ ಬಹಳ ದಿನ ಇಟ್ಟುಕೊಳ್ಳಲಿಲ್ಲ. ಇಲಿನಾಯ್, ಪೆನ್ಸಿಲ್ವೇನಿಯ, ಕ್ವಿಬೆಕ್ ಎಂದು ಸಣ್ಣ ಊರುಗಳ ತಂಡಗಳಿಗೆ ಯಾರದೋ ಗಾಯಕ್ಕೆ ಬದಲಿಯಾಗಿ ಸೇರುವುದು, ಆ ಗಾಯ ಮಾಯುತ್ತಲೇ ಗಂಟುಮೂಟೆ ಕಟ್ಟುವುದು. ಯೌವನವೆಲ್ಲ ಹೀಗೆ ಬಸ್ಸಿನ ಸೀಟಿನಲ್ಲೇ ಕಳೆಯಿತು. ಟೊರಾಂಟೊದ ದೊಡ್ಡ ಕ್ರೀಡಾಂಗಣಕ್ಕೆ ಅವನು ಹೋದದ್ದು ಟಿಕೆಟ್ ಕೊಂಡು ಮಾತ್ರ.

ಫೋನಿನಲ್ಲಿ ತಾಯಿ ಗೆಲುವು ಸೋಲಿನ ಸುದ್ದಿ ಕೇಳುತ್ತಿರಲಿಲ್ಲ. "ಕೈ ಹೆಂಗೈತಪಾ?"

"ಚಲೋ ಐತವ್ವಾ."

ಬಲಗೈಯ ಕಿರುಬೆರಳು ಜೋಮು ಹಿಡಿಯತೊಡಗಿದ ಮೇಲೂ ಉತ್ತರ ಬದಲಾಗಲಿಲ್ಲ. ಕಡೆಯ ತಂಡ ಅವನನ್ನು ಬಿಟ್ಟ ಹೊತ್ತಿಗೆ ಆ ಬೆರಳು ಕೊಕ್ಕೆಯಂತೆ ಸೆಟೆದು ನಿಂತಿತ್ತು. ಇಂದಿಗೂ ಅಂಗಿಯ ಗುಂಡಿ ಹಾಕಲು ಅವನಿಗೆ ಎಡಗೈಯೇ ಬೇಕು.

ಈಗ ಅವನು ಮಿಸಿಸಾಗದಲ್ಲೇ ಎರಿನ್ ಮಿಲ್ಸ್ ಕಡೆಯ ಕ್ಲಬ್ಬೊಂದರ ಕೋಚ್. ಜೂನ್ ತಿಂಗಳ ಆ ಶನಿವಾರ ಸರೋವರದ ದಂಡೆಯ ಪೋರ್ಟ್ ಕ್ರೆಡಿಟ್ ಬಳಿಯ ಅಂಗಳದಲ್ಲಿ ಪಂದ್ಯ. ಸರೋವರದ ಗಾಳಿ ಕಣ್ಣಿಗೆ ಧೂಳೆರಚುತ್ತಿತ್ತು. ಬಲೆಯ ಹಿಂದೆ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್ ವೇಗ ಅಳೆಯುವ ಯಂತ್ರ ಹಿಡಿದು ಕುಳಿತಿದ್ದ. ನಿಜಗುಣನ ತಂಡದ, ಹನ್ನೆರಡನೆಯ ತರಗತಿಯ ಹರ್ಷಿತ್ ಎಂಬ ಪಿಚರ್‌ನನ್ನು ನೋಡುವುದಕ್ಕೆಂದೇ ಬಂದವನು. ಅವನಿಂದ ತುಸು ದೂರದಲ್ಲಿ ಹುಡುಗನ ತಂದೆ ಭಾಸ್ಕರ, ಉಡುಪಿ ಕಡೆಯವರು, ಕುಳಿತಲ್ಲಿ ಕೂರಲಾರದೆ ನಿಂತಿದ್ದರು.

ಕೊನೆಯ ಇನ್ನಿಂಗ್ಸ್. ತಂಡಕ್ಕೆ ಒಂದೇ ರನ್ನಿನ ಮುನ್ನಡೆ. ಹರ್ಷಿತ್ ಪ್ರತಿ ಎಸೆತದ ಬಳಿಕ ಬಲಗೈಯನ್ನು ತೊಡೆಗೆ ಒತ್ತಿ ಬೆರಳುಗಳನ್ನು ಬಿಡಿಸಿ ಮಡಿಸುತ್ತಿದ್ದ. ಇಡೀ ಅಂಗಳದಲ್ಲಿ ಅದರ ಅರ್ಥ ತಿಳಿದವನು ನಿಜಗುಣನೊಬ್ಬನೇ. ಅವನು ಗೆರೆ ದಾಟಿ ದಿಬ್ಬಕ್ಕೆ ಹೋದ.

"ಬೆರಳು ಹೆಂಗೈತಿ?"

"ಐ ಆಮ್ ಗುಡ್, ಕೋಚ್." ಹುಡುಗ ಕಣ್ಣು ತಪ್ಪಿಸಿದ. "ಪಪ್ಪ ನೋಡ್ತಿದ್ದಾರೆ. ಪ್ಲೀಸ್."

ಆ ಬೇಡಿಕೆಗೆ ಸೋತು ನಿಜಗುಣ ಹಿಂದಿರುಗಿದ. ತಂಡ ಕೂರುವ ಡಗೌಟಿನ ಬೆಂಚು ತಲುಪುವಷ್ಟರಲ್ಲೇ, ಅದು ತಾನು ಅವ್ವನಿಗೆ ಕೊಡುತ್ತಿದ್ದ ಉತ್ತರವೇ ಎಂಬುದು ಹೊಳೆಯಿತು. ಮುಂದಿನ ಚೆಂಡು ಗುರಿಯಿಂದ ಮಾರುದೂರ ಹೋಯಿತು. ಹಿಂದಿರುಗಿ ಬಂದ ಚೆಂಡನ್ನು ಹರ್ಷಿತ್ ಎಡಗೈಯ ಗವಸಿನಿಂದ ಬಲಗೈಗೆ ತೆಗೆದುಕೊಳ್ಳಹೋಗಿ ಬೀಳಿಸಿದ.

ಅವನನ್ನು ಹೊರಗೆ ಕರೆಯುವುದು ಕಷ್ಟವಲ್ಲ. ಆದರೆ ಗೆಲ್ಲುವ ಹೊತ್ತಿನಲ್ಲಿ ಒಳ್ಳೆಯ ಪಿಚರ್‌ನನ್ನು ಕಾರಣವಿಲ್ಲದೆ ಯಾವ ಕೋಚೂ ತೆಗೆಯುವುದಿಲ್ಲ. ಕಾರಣವೇನೆಂದು ಊಹಿಸಲು ಸ್ಕೌಟ್‌ಗೆ ಕ್ಷಣವೂ ಬೇಡ. ವೈದ್ಯರು ನೋಡುವ ಮೊದಲೇ 'ಕೈ ಕೆಟ್ಟ ಹುಡುಗ' ಎಂಬ ಹೆಸರು ಅಂಟಿಬಿಡುತ್ತದೆ. ಬಿಟ್ಟರೆ, ಇನ್ನೆರಡು ಎಸೆತಕ್ಕೆ ಕೈಯೇ ಹೋಗಬಹುದು.

ಒಂದು ನಿಯಮವಿತ್ತು. ಒಂದೇ ಇನ್ನಿಂಗ್ಸಿನಲ್ಲಿ ಕೋಚ್ ಎರಡನೆಯ ಸಲ ದಿಬ್ಬಕ್ಕೆ ಹೋದರೆ ಪಿಚರ್ ಹೊರನಡೆಯಲೇಬೇಕು. ಅಲ್ಲಿ ಯಾರ ಮಾತೂ ನಡೆಯದು. ಕೋಚ್ ಮರೆತು ಹೊರಟರೆ ಒಳ್ಳೆಯ ಅಂಪೈರ್ ಗೆರೆಯ ಬಳಿಯೇ ಎಚ್ಚರಿಸುತ್ತಾನೆ. ನಿಜಗುಣ ಕಾದ. ಅಂಪೈರ್ ಆಟ ನಿಲ್ಲಿಸಿ, ಅಂಗಳಕ್ಕೆ ಬೆನ್ನು ಮಾಡಿ, ಬ್ಯಾಟು ಹಿಡಿದವನ ಮುಂದೆ ನೆಲದಲ್ಲಿ ಧೂಳು ಮುಚ್ಚಿದ್ದ ಪ್ಲೇಟನ್ನು ಗುಡಿಸಲು ಬಾಗಿದ.

ಗೆರೆಯ ಮುಂದೆ ನಿಜಗುಣನ ಕಾಲು ಒಂದು ಗಳಿಗೆ ನಿಂತಿತು. ತುಳಿಯದೆ ದಾಟಿದ.

"ಕೋಚ್! ದಟ್ಸ್ ಯುವರ್ ಸೆಕೆಂಡ್!" ಅಂಪೈರ್ ಕೂಗುವಾಗ ಅವನು ಆಗಲೇ ದಿಬ್ಬದ ಮೇಲಿದ್ದ. ತಲೆಯ ಮೇಲೆ ಕೈಹೊತ್ತು, ತಪ್ಪಾಯಿತೆಂದು ಗೋಗರೆದು, ವಾದಿಸಿ, ಬೈಸಿಕೊಂಡ. ಸ್ಕೌಟ್ ನಗುತ್ತ ಯಂತ್ರವನ್ನು ಚೀಲಕ್ಕಿಳಿಸಿದ. ಹರ್ಷಿತ್ ಅಳು ನುಂಗಿ ಹೊರನಡೆದ. ಬದಲಿ ಪಿಚರ್‌ನ ಚೆಂಡುಗಳು ಎದುರಾಳಿಗಳ ಹೊಡೆತಕ್ಕೆ ಬೇಲಿ ಮುಟ್ಟಿದವು, ತಂಡ ಸೋತಿತು.

ಪಾರ್ಕಿಂಗ್ ಲಾಟಿನಲ್ಲಿ ಭಾಸ್ಕರ ಕಾದಿದ್ದರು. "ಎಂತ ಮಾರಾಯ್ರೆ, ಇಷ್ಟು ವರ್ಷ ಆಡಿ ಒಂದು ರೂಲು ನೆನಪಿಲ್ವಾ ನಿಮಗೆ? ಎಲ್ಲ ಟೀಮಿನವರೂ ನಿಮ್ಮನ್ನು ಯಾಕೆ ಓಡಿಸಿದ್ದು ಅಂತ ಇವತ್ತು ಗೊತ್ತಾಯ್ತು!"

ಸ್ಕೌಟ್‌ನ ಕಾರು ರಸ್ತೆಗೆ ತಿರುಗುವವರೆಗೂ ನಿಜಗುಣ ಕಾದ. ಆಮೇಲೆ ಭಾಸ್ಕರರ ಕೈಯಿಂದ ಪಾರ್ಕಿಂಗ್ ಚೀಟಿ ತೆಗೆದುಕೊಂಡ.

"ಹರ್ಷಿತ್, ಕಿರುಬೆರಳು, ಅದರ ಬಾಜೂದು, ಈ ಎರಡರ ನಡುವ ಇದನ್ನ ಗಟ್ಟಿ ಹಿಡಿ. ಭಾಸ್ಕರಣ್ಣ, ನೀವು ಎಳೀರಿ."

ಭಾಸ್ಕರ ಸಿಡುಕುತ್ತಲೇ ಎಳೆದರು. ಚೀಟಿ ಹಾಗೆಯೇ ಬಂತು. "ಸರಿ ಹಿಡಿ ಮಗಾ," ಎಂದು ಮತ್ತೆ ಎಳೆದರು. ಮತ್ತೆ ಹಾಗೆಯೇ ಬಂತು.

"ಐ ಕಾಂಟ್ ಫೀಲ್ ಇಟ್, ಪಪ್ಪ."

"ಯಾವಾಗಿಂದ?"

"ಸಿನ್ಸ್ ಮಾರ್ಚ್."

ಭಾಸ್ಕರರ ದೃಷ್ಟಿ ಮಗನ ಕೈಯಿಂದ ನಿಜಗುಣನ ಸೊಟ್ಟ ಬೆರಳಿಗೆ ಹೊರಳಿತು. "ಆ ಸ್ಕೌಟ್‌ಗೆ..." ಎಂದು ಕಾರು ಹೋದ ರಸ್ತೆಯತ್ತ ನೋಡಿದರು.

"ಕೋಚ್ ದಡ್ಡ ಅಂತಷ್ಟ ಗೊತ್ತೈತಿ ಅವಂಗ. ಮೊದಲ ಡಾಕ್ಟರಿಗೆ ತೋರಸ್ರಿ. ಸ್ಕೌಟ್‌ಗ ಏನು ಹೇಳಬೇಕು ಅನ್ನೂದು ಹರ್ಷಿತ್‌ಗ ಬಿಟ್ಟದ್ದು."

ಆಗ ಪಕ್ಕದಲ್ಲಿ ಹಾದುಹೋದ ಇನ್ನೊಬ್ಬ ಆಟಗಾರನ ತಂದೆ ಕಾರಿನ ಕಿಟಕಿಯಿಳಿಸಿ, "ಎರಡರವರೆಗೆ ಎಣಿಸೋಕೆ ಕಲೀರಿ, ಕೋಚ್!" ಎಂದು ನಕ್ಕ. ಭಾಸ್ಕರ ಕೆರಳಿ ಅತ್ತ ತಿರುಗಿದರು. ನಿಜಗುಣ ಅವರ ತೋಳು ಹಿಡಿದು, ಬೇಡವೆಂದು ತಲೆಯಾಡಿಸಿದ.

ಹರ್ಷಿತ್ ಬಾಗಿ, ರೂಢಿಯಂತೆ ಬಲಗೈಯಿಂದಲೇ ಕಿಟ್ ಬ್ಯಾಗು ಎತ್ತಹೋದ.

"ಮುಟ್ಟಬೇಡ!" ಇಬ್ಬರೂ ಒಟ್ಟಿಗೆ ಗದರಿದರು. ಭಾಸ್ಕರ ಬ್ಯಾಗನ್ನು ತಮ್ಮ ಹೆಗಲಿಗೇರಿಸಿಕೊಂಡು, ನಿಜಗುಣನ ಮುಖ ನೋಡಲಾರದೆ, ಕಾರಿನತ್ತ ನಡೆದರು.