ಕಲ್ಲಿನ ಮೇಲೆ ಉಳಿಸಿದ ಜಾಗ

ಹಿರಿಯರನ್ನು ಎಲ್ಲಿಗಾದರೂ ಕರೆದೊಯ್ಯುವುದಿದ್ದರೆ ಬಿಸಿಲೇರುವ ಮೊದಲೇ ಹೊರಡಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವವನು ನಾನು. ಆದರೆ ಅಂದು ಕಾರು ತೆಗೆದುಕೊಂಡು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಹೋದಾಗ ನನ್ನ ಸೋದರತ್ತೆ ಇನ್ನೂ ಮಿರ್ಚಿ ಕರಿಯುತ್ತ ಕೂತಿದ್ದಳು. ನಾವು ಹೊರಟಿದ್ದದ್ದು ಕೊಪ್ಪಳದ ಯುದ್ಧ ಸ್ಮಾರಕಕ್ಕೆ.

"ಅಲ್ಲಿಗೆ ಮಿರ್ಚಿ ಯಾಕ ಅತ್ತಿ?"

"ನಿಮ್ಮ ಮಾಮಗ ಮಿರ್ಚಿ ಅಂದ್ರ ಜೀಂವ. ಹೆಸರು ಇದ್ದಲ್ಲಿ ಎಡಿ ಹಿಡೀಬೇಕಲ್ಲೋ. ಬರಿಗೈಲೆ ಹೋಗ್ತಾರೇನು?"

ತೀರಿಕೊಂಡವರ ಸಮಾಧಿಗೆ ಅವರ ಇಷ್ಟದ ಅಡಿಗೆ ಒಯ್ದು ಎಡೆ ಹಿಡಿಯುವುದು ನಮ್ಮ ಕಡೆಯ ವಾಡಿಕೆ. ಸ್ಮಾರಕವೂ ಅಂಥದ್ದೇ ಎಂದು ಅವಳು ತಿಳಿದಿದ್ದಳು. ನಾನೂ ತಿದ್ದಲಿಲ್ಲ.

ಅತ್ತೆಯ ಗಂಡ, ನನ್ನ ಮಾಮ, ದಂಡಿನಲ್ಲಿ ಲಾರಿ ಓಡಿಸುತ್ತಿದ್ದ. ಯುದ್ಧಕ್ಕೂ ಹೋಗಿದ್ದ. ತಿರುಗಿ ಬಂದು ಗದ್ದೆ ಮಾಡಿಕೊಂಡಿದ್ದು, ಹೋದ ವರ್ಷ ಮುಪ್ಪಿನಿಂದ ತೀರಿಕೊಂಡ. ಗಂಗಾವತಿಯಲ್ಲಿ ಅಂಗಡಿ ಇಟ್ಟಿರುವ ಅವನ ತಮ್ಮ ಮಣ್ಣು ಮಾಡಿದ ದಿನವೂ ನಾಲಗೆ ಬಿಗಿಹಿಡಿಯಲಿಲ್ಲ: "ನಮ್ಮಣ್ಣ ಲಾರಿ ಹೊಡದಾವ. ಅವನ್ಯಾವ ಸೀಮಿ ಸಿಪಾಯಿ?" ಆ ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಕೊಪ್ಪಳದಲ್ಲಿ ಸೈನಿಕರ ಹೆಸರು ಕಲ್ಲಿನಲ್ಲಿ ಕೆತ್ತಿದ್ದಾರೆಂದು ಯಾರೋ ಹೇಳಿದ್ದೇ ತಡ, ಗಂಡನ ಹೆಸರು ಕಂಡು ಬಂದು ಮೈದುನನ ಬಾಯಿ ಮುಚ್ಚಿಸಬೇಕೆಂದು ಹಟ ಹಿಡಿದು, ಅವನಿಗೂ ಹಾಗೆಂದು ಹೇಳಿಕಳಿಸಿದ್ದಳು.

ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುವುದು ನನ್ನ ದಂಧೆ. ಎಂಜಿನ್ ಚಾಲೂ ಮಾಡಿಸಿ ನೋಡದೆ ಮಾತು ಮುಗಿಸಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಆ ಹೆಸರು ಅಲ್ಲಿದೆಯೋ ಇಲ್ಲವೋ ಎಂದು ಒಬ್ಬರನ್ನೂ ವಿಚಾರಿಸಿರಲಿಲ್ಲ.

ಗುಡಿಗೆ ಬಂದವಳಂತೆ ಅತ್ತೆ ಗೇಟಿನಲ್ಲೇ ಚಪ್ಪಲಿ ಬಿಟ್ಟಳು. ಹಾಸುಗಲ್ಲು ಕಾದ ಹಂಚಾಗಿತ್ತು. ನನ್ನ ಟವೆಲ್ ಹಾಸಿ ಅದರ ಮೇಲೆ ನಿಲ್ಲಿಸಿದೆ. ಅವಳಿಗೆ ಓದು ಬಾರದು. ಕರಿಕಲ್ಲಿನ ಮೇಲಿನ ಹೆಸರುಗಳನ್ನು ನಾನೇ ಗಟ್ಟಿಯಾಗಿ ಓದಿದೆ. ಮಾಮನ ಹೆಸರು ಬರಲಿಲ್ಲ.

"ಸಾವಕಾಶ ಓದೋ. ನಿನಗ ಎಲ್ಲಾದಕ್ಕೂ ಗಡಿಬಿಡಿ."

ಮತ್ತೆ ಓದಿದೆ. ಇರಲಿಲ್ಲ.

ಗಿಡಗಳಿಗೆ ನೀರು ಬಿಡುತ್ತಿದ್ದ, ನರೆತ ಮೀಸೆಯ ಒಬ್ಬರು ಹತ್ತಿರ ಬಂದರು. ಸ್ಮಾರಕ ನೋಡಿಕೊಳ್ಳುವವರು, ತಾವೂ ಸೈನ್ಯದಿಂದ ನಿವೃತ್ತರಾದವರು. ಸಂಗತಿ ಕೇಳಿ ಅತ್ತೆಯ ಕಡೆ ತಿರುಗಿದರು. "ಅವ್ವಾ, ಯುದ್ಧದಾಗ ತೀರಿಕೊಂಡವರ ಹೆಸರು ಅಷ್ಟ ಇಲ್ಲಿ ಬರೀತಾರ್ರಿ. ತಿರುಗಿ ಬಂದವರದು ಇರೂದಿಲ್ರಿ."

ಅತ್ತೆಯ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ಬೇಡ ಎಂದವನಿಂದ ಹೂಂ ಅನ್ನಿಸುವುದೇ ನನ್ನ ಜೀವನ.

"ಸಾಹೇಬ್ರ, ಒಂದು ಹೆಸರು ಕೂಡಿಸಿದ್ರ ಕಲ್ಲೇನು ಸವೀತೈತ್ರಿ? ಕೆತ್ತೋ ಮನಷ್ಯಾನ್ನ ನಾನ ಕರಕೊಂಡು ಬರ್ತೀನಿ. ಯಾರಿಗೆ ಅರ್ಜಿ ಕೊಡಬೇಕು ಹೇಳ್ರಿ, ಸಾಕು. ನೋಡ್ರಿ, ಕೆಳಗ ಇಷ್ಟು ಜಾಗಾ ಸುಮ್ನ ಬಿದ್ದೈತಿ."

ಅವರು ಸಿಟ್ಟಾಗಲಿಲ್ಲ. ಆ ನುಣುಪಾದ ಖಾಲಿ ಕಲ್ಲನ್ನು ಒಮ್ಮೆ ನೋಡಿ, "ಅದು ತುಂಬಬಾರದು ಅಂತ ನಾನು ದಿನಾ ಬೇಡಿಕೊಳ್ತೀನ್ರಿ" ಎಂದರು.

ಕಲ್ಲಿನ ಕಡೆ ಚಾಚಿದ್ದ ಕೈಯನ್ನು ನಾನು ಹಿಂದೆಗೆದೆ.

ಅತ್ತೆ ಕಲ್ಲಿನ ಹೆಸರುಗಳ ಮೇಲೆ ಕೈಯಾಡಿಸಿದಳು. ಆಮೇಲೆ, "ಇವರ ಹೇಣ್ತೇರು ಎಷ್ಟು ಸಣ್ಣವರಿದ್ದರೋ ಏನೋ" ಎಂದಳು. ಮೀಸೆಯವರ ಕಡೆ ತಿರುಗಿ ಕೇಳಿದಳು, "ನಿನ್ನ ಹೆಸರೂ ಇದರಾಗ ಇಲ್ಲಲ್ಲಪಾ?"

"ಇಲ್ರಿ ಅವ್ವಾ. ನಾನೂ ಮನಿ ಮುಟ್ಟಿದಾವ."

"ಹಂಗಾರ ಬಾ, ಕುಂದರು. ಎಡಿ ವಾಪಸ್ ಒಯ್ಯಬಾರದು."

ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಲೆ, ತಣ್ಣಗಾಗಿ ಮೆತ್ತಗಾದ ಮಿರ್ಚಿ. ಅವರು ಸಂಕೋಚ ಬಿಟ್ಟು ಉಂಡರು. ಯಜಮಾನರು ಯಾವ ಕೆಲಸದಲ್ಲಿದ್ದರು ಎಂದು ಕೇಳಿದಾಗ ಅತ್ತೆ ತಲೆ ತಗ್ಗಿಸಿ, "ಬರೇ ಲಾರಿ ಹೊಡೀತಿದ್ರಪಾ" ಎಂದಳು.

ಅವರ ಕೈಯ ತುತ್ತು ಅಲ್ಲೇ ನಿಂತಿತು. "ಬರೇ ಅನಬ್ಯಾಡ್ರಿ. ರಾತ್ರಿ ದೀಪ ಆರಿಸಿಕೊಂಡು ಗುಡ್ಡದ ದಾರ್ಯಾಗ ಅವರು ಬರಬೇಕು, ಅಂದ್ರ ನಮ್ಮ ಒಲಿ ಹತ್ತಬೇಕು. ಗುಂಡು ತಂದುಕೊಡಾವರೂ ಅವರ. ಲಾರಿ ಸಪ್ಪಳ ಕೇಳಿದ್ರ ನಮಗ ತವರಿನವರು ಬಂದಂಗ ಆಗ್ತಿತ್ರಿ."

ಅತ್ತೆ ಅವರಿಗೆ ಇನ್ನೊಂದು ರೊಟ್ಟಿ ಹಾಕಿದಳು.

ವಾಪಸ್ ಹೊರಟು ಗಿಣಿಗೇರಾ ದಾಟಿದೆವು. ಆಮೇಲೆ ಅತ್ತೆ, ಗಂಗಾವತಿಯಲ್ಲಿ ಮೈದುನನ ಅಂಗಡಿಯ ಮುಂದೆ ನಿಲ್ಲಿಸು ಎಂದಳು. ಇವತ್ತು ಬೇಡ, ಅವನ ಬಾಯಿ ನೆಟ್ಟಗಿಲ್ಲ ಎಂದು ನಾನು ಬುದ್ಧಿ ಹೇಳಿದೆ. ಕೇಳಲಿಲ್ಲ.

ಅವನು ಗಲ್ಲೆಪೆಟ್ಟಿಗೆಯ ಹಿಂದೆ ಕೂತೇ ನಕ್ಕ. "ಏನ್ರಿ ವೈನಿ, ಸಿಕ್ತೇನು ಅಣ್ಣನ ಹೆಸರು?"

"ಇಲ್ಲ," ಎಂದಳು ಅತ್ತೆ, ಅವನೆದುರಿನ ಸ್ಟೂಲನ್ನು ಎಳೆದುಕೊಂಡು ಕೂಡುತ್ತ. "ಮನಿಗೆ ಬಂದವರದು ಬರಿಯೂದಿಲ್ಲಂತ. ಅಲ್ಲಿ ಗುಡ್ಡದ ಮ್ಯಾಲೆ ಹಸದು ಕುಂತವರಿಗೆ ಬುತ್ತಿ ಮುಟ್ಟಿಸಿದಾವ ನಿಮ್ಮಣ್ಣ. ಎದ್ದೇಳು, ನೀರು ತಗೊಂಡು ಬಾ. ಹೇಳೂದು ಭಾಳ ಐತಿ."

ಅವನು ನನ್ನ ಮುಖ ನೋಡಿದ. ನಾನೂ ಅತ್ತೆಯ ಪಕ್ಕ ಕೂತೆ. ಅವನು ಎದ್ದು ನೀರು ತರಲು ಒಳಗೆ ಹೋದ.